ಮೂರ್ತಿ ಚಿಕ್ಕದು, ಸರಿ. ಆ ‘ಆದರೂ’ ಯಾಕೆ?

ನಮ್ಮ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ. ಎತ್ತರ 4 ಅಡಿ 1 ಇಂಚು. ಅವರ ಮೇಜಿನ ಕೆಳಗೆ ಒಂದು ಮರದ ಸ್ಟೂಲ್ ಇರುತ್ತದೆ. ಕೂರುವುದಕ್ಕಲ್ಲ, ಕಾಲಿಡುವುದಕ್ಕೆ. ಮೊದಮೊದಲು ನಾನು ಅದನ್ನು ಗಮನಿಸಿರಲೇ ಇಲ್ಲ.

ಒಂದು ದಿನ ಮೀಟಿಂಗ್ ರೂಮಿನಲ್ಲಿ ಎರಡು ಗಂಟೆ ಕೂತಿದ್ದೆವು. ಎಲ್ಲರೂ ಎದ್ದು ಹೊರಟರು. ಅವರು ಮಾತ್ರ ಮೇಜಿನ ಅಂಚು ಹಿಡಿದುಕೊಂಡು ಹಾಗೇ ನಿಂತಿದ್ದರು. "ಕಾಲು ಜೋಮು ಹಿಡಿದಿದೆ, ನೀವು ಹೋಗಿ" ಅಂದರು. ಆಗ ಅರ್ಥವಾಯಿತು. ಆ ಕುರ್ಚಿಯಲ್ಲಿ ಕೂತರೆ ಅವರ ಕಾಲು ನೆಲ ಮುಟ್ಟುವುದಿಲ್ಲ. ಕುರ್ಚಿಯ ಅಂಚು ತೊಡೆಗೆ ಒತ್ತುತ್ತದೆ, ಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಎತ್ತರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಅರ್ಧ ಗಂಟೆ ಕೂತು ನೋಡಿ, ಗೊತ್ತಾಗುತ್ತದೆ. ಅವರು ಶಾಲೆ, ಕಾಲೇಜು, ಬಸ್ಸು, ಸಿನಿಮಾ ಎಲ್ಲ ಕಡೆ ಹೀಗೇ ಕೂತು ಬಂದವರು.

ಅದೇ ವರ್ಷ ಅವರಿಗೆ ಬಡ್ತಿ ಸಿಕ್ಕಿತು. ಚಿಕ್ಕ ಸಮಾರಂಭ, ಹೂಗುಚ್ಛ, ಎರಡು ಮಾತು. ಮಾತಾಡಿದವರು ಪ್ರೀತಿಯಿಂದಲೇ ಹೇಳಿದರು: "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು." ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆಮೇಲೆ ಕಾಫಿ ಕುಡಿಯುವಾಗ ಅವರು ನಗುತ್ತಲೇ ಅಂದರು, "ಈ ಗಾದೆ ನನಗೆ ಒಂದನೇ ಕ್ಲಾಸಿಂದ ಸಿಗ್ತಾ ಇದೆ. ಬಹುಮಾನದ ಜೊತೆ ಇದೂ ಒಂದು ಫ್ರೀ. ಬೇಜಾರೇನಿಲ್ಲ. ಆದ್ರೆ ಆ 'ಆದರೂ' ಇದೆಯಲ್ಲ, ಅದು ಮಾತ್ರ ನನ್ನ ಬಿಡಲ್ಲ."

ಅಲ್ಲಿಂದ ಆ ಪದ ನನ್ನ ತಲೆಯಲ್ಲೂ ಕೂತುಬಿಟ್ಟಿದೆ. 'ಚಿಕ್ಕದಾದರೂ' ಅಂದಾಗ ನಾವು ಹೇಳುತ್ತಿರುವುದೇನು? ಎತ್ತರ ಕಡಿಮೆ ಇದ್ದವರಿಗೆ ಕೀರ್ತಿಯೂ ಕಡಿಮೆ ಇರಬೇಕಿತ್ತು, ನೀವು ಹೇಗೋ ತಪ್ಪಿಸಿಕೊಂಡಿರಿ ಅಂತ. ವಾಮನನ ಕಥೆಯನ್ನೇ ನೋಡಿ. ಪುಟ್ಟ ವಟುವಾಗಿ ಬಂದು ಮೂರು ಹೆಜ್ಜೆ ಜಾಗ ಕೇಳುತ್ತಾನೆ. ಆ ಹೆಜ್ಜೆ ಇಡುವ ಹೊತ್ತಿಗೆ ಮುಗಿಲೆತ್ತರ ಬೆಳೆದು ತ್ರಿವಿಕ್ರಮನಾಗಿರುತ್ತಾನೆ. ಕುಳ್ಳಗೆ ಇದ್ದುಕೊಂಡೇ ಗೆಲ್ಲುವ ಅವಕಾಶವನ್ನು ಕಥೆ ದೇವರಿಗೂ ಕೊಡಲಿಲ್ಲ.

ಡ್ವಾರ್ಫಿಸಂ, ಅಂದರೆ ಕುಬ್ಜತೆ, ಇರುವವರು ಈ 'ಆದರೂ' ಇಲ್ಲದ ಜಾಗವನ್ನು ಎಲ್ಲಿ ಹುಡುಕಿಕೊಳ್ಳುತ್ತಾರೆ? ಈ ಪ್ರಶ್ನೆ ಹಳೆಯದು. ಆದರೆ ಈಗ ಮತ್ತೆ ಬಿಸಿಯಾಗಿದೆ. ಕಾರಣ ಒಂದು ಔಷಧ. ಅದಕ್ಕೆ ಆಮೇಲೆ ಬರುತ್ತೇನೆ.

ಮನೆಯಲ್ಲಿ ಸಿಗದ ಕನ್ನಡಿ

ಮೊದಲು ವಿಷಯ ಏನು ಅಂತ ನೋಡಿಬಿಡೋಣ. ಜೀನ್ ಅಥವಾ ಬೇರೆ ವೈದ್ಯಕೀಯ ಕಾರಣದಿಂದ ದೊಡ್ಡವರಾದ ಮೇಲೂ ಎತ್ತರ 147 ಸೆಂಟಿಮೀಟರ್, ಅಂದರೆ 4 ಅಡಿ 10 ಇಂಚು ದಾಟದಿದ್ದರೆ ಸಾಮಾನ್ಯವಾಗಿ ಅದನ್ನು ಕುಬ್ಜತೆ ಅನ್ನುತ್ತಾರೆ. ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ 400ಕ್ಕೂ ಹೆಚ್ಚು ಸ್ಥಿತಿಗಳನ್ನು ವೈದ್ಯರು ಗುರುತಿಸಿದ್ದಾರೆ. ಅವುಗಳಲ್ಲಿ ನಾವು ಜಾಸ್ತಿ ನೋಡುವುದು ಅಕಾಂಡ್ರೋಪ್ಲೇಸಿಯಾ. ಸುಮಾರು 25,000 ಹೆರಿಗೆಗೆ ಒಂದು ಮಗುವಿನಲ್ಲಿ ಇದು ಕಾಣುತ್ತದೆ. ಮುಂಡ ಹೆಚ್ಚುಕಮ್ಮಿ ಎಲ್ಲರಷ್ಟೇ ಇರುತ್ತದೆ. ಕೈಕಾಲು, ಅದರಲ್ಲೂ ತೋಳು ಮತ್ತು ತೊಡೆ, ಗಿಡ್ಡ. ತಲೆ ಸ್ವಲ್ಪ ದೊಡ್ಡದು, ಹಣೆ ಮುಂದಕ್ಕೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಇನ್ನೂ ಬರೆಯಬೇಕಾಗಿ ಬರುವುದೇ ಬೇಸರ.

ಕಾರಣವಾದ ಜೀನ್ ಸಿಕ್ಕಿದ್ದು 1994ರಲ್ಲಿ. ಹೆಸರು ಎಫ್‌ಜಿಎಫ್‌ಆರ್3. ಮೂಳೆ ಅತಿಯಾಗಿ ಬೆಳೆಯದ ಹಾಗೆ ತಡೆಯುವುದು ಇದರ ಕೆಲಸ, ಒಂಥರಾ ಬ್ರೇಕ್. ಎಲ್ಲರ ದೇಹದಲ್ಲೂ ಈ ಬ್ರೇಕ್ ಇದೆ. ಅಕಾಂಡ್ರೋಪ್ಲೇಸಿಯಾ ಇರುವವರಲ್ಲಿ ಅದು ಒತ್ತಿದ ಹಾಗೇ ಸಿಕ್ಕಿಕೊಂಡಿರುತ್ತದೆ. ಆಶ್ಚರ್ಯ ಅಂದರೆ ಜಗತ್ತಿನಾದ್ಯಂತ ಹೆಚ್ಚುಕಮ್ಮಿ ಎಲ್ಲರಲ್ಲೂ ಬದಲಾಗಿರುವುದು ಆ ಜೀನಿನ ಅದೇ ಒಂದು ಅಕ್ಷರ. ಬಸುರಿಯಾಗಿದ್ದಾಗ ತಾಯಿ ಏನೋ ತಪ್ಪು ಮಾಡಿದಳು ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಹಾಗೆ ನೋಡಿದರೆ, ಹೊಸದಾಗಿ ಆಗುವ ಈ ಬದಲಾವಣೆ ಬರುವುದು ತಂದೆಯ ಕಡೆಯಿಂದ. ತಂದೆಯ ವಯಸ್ಸು ಏರಿದಷ್ಟೂ ಅದರ ಸಾಧ್ಯತೆಯೂ ಸ್ವಲ್ಪ ಏರುತ್ತದೆ.

ಈಗ ನಮ್ಮ ಪ್ರಶ್ನೆಗೆ ಬೇಕಾದ ಅಂಕಿ. ಅಕಾಂಡ್ರೋಪ್ಲೇಸಿಯಾ ಇರುವ ಮಕ್ಕಳಲ್ಲಿ ಸುಮಾರು 80 ಶೇಕಡಾ ಮಕ್ಕಳ ಅಪ್ಪ ಅಮ್ಮ ಇಬ್ಬರೂ ಸಾಮಾನ್ಯ ಎತ್ತರದವರು. ಅಜ್ಜಿ, ಚಿಕ್ಕಪ್ಪ, ಅಕ್ಕ, ತಮ್ಮ, ಯಾರೂ ಹೀಗಿಲ್ಲ.

ಇದರ ಅರ್ಥ ಸ್ವಲ್ಪ ನಿಧಾನಕ್ಕೆ ಯೋಚಿಸಬೇಕು. ಭಾಷೆ, ಧರ್ಮ, ಮೈಬಣ್ಣ ಇವೆಲ್ಲ ಮನೆಯಿಂದಲೇ ಬರುತ್ತವೆ. ಹೊರಗೆ ಯಾರಾದರೂ ಅವುಗಳ ಬಗ್ಗೆ ಹೀಯಾಳಿಸಿದರೆ ಮಗು ಮನೆಗೆ ಬಂದು ಹೇಳುತ್ತದೆ. ಮನೆಯವರಿಗೆ ಆ ನೋವು ಗೊತ್ತು, ಅದಕ್ಕೆ ಉತ್ತರವೂ ಗೊತ್ತು. ಇಲ್ಲಿ ಹಾಗಿಲ್ಲ. ಅಪ್ಪ ಅಮ್ಮ ಪ್ರಾಣವನ್ನೇ ಕೊಡಬಹುದು. ಆದರೆ "ನನಗೂ ನಿನ್ನ ವಯಸ್ಸಲ್ಲಿ ಹೀಗೇ ಆಗಿತ್ತು ಕಣೇ" ಅನ್ನುವ ಒಂದು ಮಾತು ಕೊಡಲಾರರು. ಅದರ ಬದಲು ಹೆಚ್ಚಿನ ಮನೆಗಳಲ್ಲಿ ಸಿಗುವುದು "ನೀನೂ ಎಲ್ಲರ ಹಾಗೇ" ಅನ್ನುವ ಮಾತು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಮಗುವಿಗೆ ಮಾತ್ರ ಲೈಟಿನ ಸ್ವಿಚ್ ಎಟುಕುವುದಿಲ್ಲ. ಎಲ್ಲರ ಹಾಗೇ ಅಂದಮೇಲೆ ಸ್ವಿಚ್ಚಿನ ಬಗ್ಗೆ ಯಾರ ಹತ್ತಿರ ಹೇಳೋದು?

ನನ್ನ ಸಹೋದ್ಯೋಗಿ ತಮ್ಮಂಥ ಇನ್ನೊಬ್ಬರನ್ನು ಮೊದಲ ಸಲ ನೋಡಿದ್ದು 19ನೇ ವಯಸ್ಸಿನಲ್ಲಿ. ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ. ಮುಂದೆ ಒಬ್ಬ ಹೆಂಗಸು ಹೋಗುತ್ತಿದ್ದರಂತೆ, ಸೊಂಟ ಆ ಕಡೆ ಈ ಕಡೆ ತೂಗುತ್ತಾ. "ಅಯ್ಯೋ, ಹೇಗೆ ನಡೀತಾರೆ ಪಾಪ ಅನ್ನಿಸ್ತು. ಮರುಕ್ಷಣ ಹೊಳೀತು, ನಾನೂ ಹೀಗೇ ನಡೆಯೋದು ಅಂತ. ಅಲ್ಲೀವರೆಗೆ ನನ್ನ ನಡಿಗೆ ನಾನು ನೋಡೇ ಇರಲಿಲ್ಲ." ಆ ಹೆಂಗಸು ತಿರುಗಿ ನೋಡಿ ನಕ್ಕರಂತೆ. ಇವರು ನಗಲಿಲ್ಲ. ಗೋಡೆಯ ಮೇಲಿನ ಬೋರ್ಡ್ ಓದುವ ಹಾಗೆ ನಟಿಸಿ ಇನ್ನೊಂದು ದಾರಿ ಹಿಡಿದರು. "ಈಗಲೂ ಆ ನಗು ನೆನಪಾದ್ರೆ ನಾಚಿಕೆ ಆಗತ್ತೆ" ಅನ್ನುತ್ತಾರೆ.

ಇದು ಇವರೊಬ್ಬರ ಕಥೆಯಲ್ಲ. ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಿಕೊಳ್ಳುವುದು ಈ ಸಮುದಾಯದಲ್ಲಿ ಎಲ್ಲರೂ ಬಲ್ಲ ಅನುಭವ. ಜೊತೆಗೆ ನಿಂತರೆ ಜನ ಇನ್ನೂ ಜಾಸ್ತಿ ನೋಡುತ್ತಾರೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಒಳಗಿನದು. ಒಬ್ಬರೇ ಇದ್ದಾಗ 'ನಾನು ಎಲ್ಲರ ಹಾಗೇ' ಅನ್ನುವ ಕಥೆ ನಡೆಯುತ್ತದೆ. ಇಬ್ಬರಾದ ಕೂಡಲೇ ಆ ಕಥೆ ಮುರಿಯುತ್ತದೆ.

ಕಣ್ಣಿನ ಎತ್ತರದಲ್ಲಿ

ಆ ಕಥೆ ಮುರಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ 1957ರದ್ದು. ಅಮೆರಿಕದ ನಟ ಬಿಲ್ಲಿ ಬಾರ್ಟಿ ನೆವಾಡಾದ ರೀನೋ ನಗರಕ್ಕೆ ತಮ್ಮಂಥವರನ್ನು ಕರೆದರು. ಬಂದವರು ಸುಮಾರು 20 ಜನ. ಅಲ್ಲಿ ಹುಟ್ಟಿದ್ದೇ ಮುಂದೆ 'ಲಿಟಲ್ ಪೀಪಲ್ ಆಫ್ ಅಮೆರಿಕ' ಆಯಿತು. ಇವತ್ತು ಅದಕ್ಕೆ ಸಾವಿರಾರು ಸದಸ್ಯರಿದ್ದಾರೆ. ಬಾರ್ಟಿ ಹುಟ್ಟಿದ ದಿನ ಅಕ್ಟೋಬರ್ 25. ಕುಬ್ಜತೆಯ ಅರಿವಿನ ದಿನ ಅಂತ ಹಲವು ದೇಶಗಳಲ್ಲಿ ಆಚರಿಸುವುದು ಅದನ್ನೇ. ಬ್ರಿಟನ್ನಿನಲ್ಲಿ ಇಂಥದೇ ಸಂಘ 1970ರಲ್ಲಿ ಶುರುವಾಯಿತು.

ಅಮೆರಿಕದ ಸಂಘ ವರ್ಷಕ್ಕೊಮ್ಮೆ ದೊಡ್ಡ ಸಮಾವೇಶ ನಡೆಸುತ್ತದೆ. ಹೆಚ್ಚುಕಮ್ಮಿ ಒಂದು ವಾರ. ಮೂಳೆ, ಜೀನ್, ಉಸಿರಾಟದ ತಜ್ಞರು ಬಂದು ಕೂತಿರುತ್ತಾರೆ. ಬೇರೆ ಕಡೆ ಡಾಕ್ಟರುಗಳಿಗೆ ಇವರ ದೇಹದ ಬಗ್ಗೆ ಇವರೇ ಪಾಠ ಮಾಡಬೇಕಾಗುತ್ತದೆ, ಇಲ್ಲಿ ಆ ಕಷ್ಟವಿಲ್ಲ. ಆಟ, ಚರ್ಚೆ, ಬಟ್ಟೆ, ಕಾರಿನ ಪೆಡಲ್ ಉದ್ದ ಮಾಡುವ ಸಾಧನ, ಎಲ್ಲ ಇರುತ್ತದೆ. ಆದರೆ ಹೋಗಿಬಂದವರು ಮಾತಾಡುವುದು ರಾತ್ರಿಯ ನೃತ್ಯದ ಬಗ್ಗೆ. ಹದಿನಾರರ ಹುಡುಗ ಜೀವನದಲ್ಲಿ ಮೊದಲ ಸಲ ಕತ್ತು ಎತ್ತದೆ ಒಬ್ಬ ಹುಡುಗಿಯ ಮುಖ ನೋಡುತ್ತಾನೆ. ಮೊದಲ ಸಲ ಅವನು ಯಾರಿಗೂ 'ಆ ಕುಳ್ಳ ಹುಡುಗ' ಅಲ್ಲ. ಯಾಕೆಂದರೆ ಅಲ್ಲಿ ಹಾಗಂದರೆ ಯಾರು ಅಂತ ಗೊತ್ತಾಗುವುದಿಲ್ಲ. 'ನೀಲಿ ಶರ್ಟಿನವನು' ಅನ್ನಬೇಕು. ಇಲ್ಲಾ 'ಜಾಸ್ತಿ ಮಾತಾಡ್ತಾನಲ್ಲ, ಅವನು' ಅನ್ನಬೇಕು.

ಸಮುದಾಯ ಕೊಡುವ ಗುರುತು ಇದೇ ಅಂತ ನನಗೆ ಅನ್ನಿಸುತ್ತದೆ. ಹೊರಗೆ ಎತ್ತರ ಒಂದೇ ಗುರುತಾಗಿ ಉಳಿದದ್ದೆಲ್ಲವನ್ನೂ ಮುಚ್ಚಿಹಾಕುತ್ತದೆ. ತಮ್ಮವರ ನಡುವೆ ಎತ್ತರ ಮರೆಗೆ ಸರಿದು ಮನುಷ್ಯ ಕಾಣುತ್ತಾನೆ. ಸಿಡುಕ, ಹಾಸ್ಯಗಾರ, ಸೋಮಾರಿ, ಜಾಣ.

ಹಾಗಂತ ಒಳಗೆಲ್ಲ ಹಾಲುಜೇನು ಅಂದುಕೊಳ್ಳಬೇಡಿ. ಯಾರ ಮೈಕಟ್ಟು 'ಸರಿ' ಕಾಣುತ್ತದೆ, ಯಾರು ಗಾಲಿಕುರ್ಚಿಯಲ್ಲಿದ್ದಾರೆ ಅಂತ ಅಲ್ಲೂ ಮೇಲು ಕೀಳು ಇದೆ. ಹೊಸ ಪೋಷಕರು ಗುಂಪಾಗಿ ಬಂದು ತಮ್ಮ ದುಃಖವನ್ನೇ ಮಾತಾಡಿದರೆ, ಅದೇ ಸ್ಥಿತಿಯಲ್ಲಿ ನಲವತ್ತು ವರ್ಷ ಬದುಕಿದವರಿಗೆ ಹೇಗಾಗಬೇಡ? ಇಂಥ ಸಂಘಗಳ ಹತ್ತಿರ ಸುಳಿಯದೆ ಸುಖವಾಗಿರುವವರೂ ಬೇಕಾದಷ್ಟಿದ್ದಾರೆ. ಮದುವೆಯ ಲೆಕ್ಕವೂ ಸುಲಭವಲ್ಲ. ಇಬ್ಬರಿಗೂ ಅಕಾಂಡ್ರೋಪ್ಲೇಸಿಯಾ ಇದ್ದರೆ ಪ್ರತಿ ಬಸಿರಿನಲ್ಲಿ ಮಗುವಿಗೆ ಅದೇ ಸ್ಥಿತಿ ಬರುವ ಸಾಧ್ಯತೆ ಅರ್ಧ, ಸಾಮಾನ್ಯ ಎತ್ತರದ ಸಾಧ್ಯತೆ ಕಾಲು ಭಾಗ. ಉಳಿದ ಕಾಲು ಭಾಗದಲ್ಲಿ ಬದಲಾದ ಜೀನ್ ಎರಡೂ ಕಡೆಯಿಂದ ಬರುತ್ತದೆ. ಆ ಮಗು ಸಾಮಾನ್ಯವಾಗಿ ಹೆಚ್ಚು ದಿನ ಉಳಿಯುವುದಿಲ್ಲ. ಪ್ರೀತಿ ಹುಟ್ಟಿದ ಮೇಲೆ ಈ ಲೆಕ್ಕವನ್ನೂ ಇಬ್ಬರೂ ಕೂತು ಮಾಡಬೇಕು.

ಹೆಸರಿನ ಜಗಳ

ಹೊರಗಿನವರು ಕೇಳುವ ಮೊದಲ ಪ್ರಶ್ನೆ, ಇವರನ್ನು ಏನಂತ ಕರೆಯಬೇಕು? ಇಂಗ್ಲಿಷಿನಲ್ಲಿ 'ಡ್ವಾರ್ಫ್' ಅನ್ನುವುದನ್ನು ಹಲವರು ಒಪ್ಪುತ್ತಾರೆ. ಕೆಲವರಿಗೆ 'ಲಿಟಲ್ ಪರ್ಸನ್' ಇಷ್ಟ, ಕೆಲವರಿಗೆ ಅದು ಮಕ್ಕಳನ್ನು ಕರೆದ ಹಾಗೆ. 'ಮಿಜೆಟ್' ಮಾತ್ರ ಬೈಗುಳ, ಅದರಲ್ಲಿ ಎರಡು ಮಾತಿಲ್ಲ. ತಮಾಷೆ ಅಂದರೆ ಬಾರ್ಟಿಯವರ ಸಂಘ ಶುರುವಾದಾಗ ಅದರ ಹೆಸರಿನಲ್ಲಿ ಇದೇ ಪದ ಇತ್ತು. ಆಮೇಲೆ ಬಿಟ್ಟರು. ಆ ಪದ ಜನರ ಬಾಯಿಗೆ ಬಂದದ್ದು ಪ್ರದರ್ಶನದ ಡೇರೆಗಳಿಂದ.

ಕನ್ನಡದಲ್ಲಿ ಕುಳ್ಳ, ಗಿಡ್ಡ ಎರಡೂ ಕೂಗಿ ಕರೆಯುವ ಪದಗಳು. ಗೆಳೆಯರ ನಡುವೆ ನಡೆಯಬಹುದು, ಗುರುತಿಲ್ಲದವರ ಬಾಯಲ್ಲಿ ಚುಚ್ಚುತ್ತವೆ. 'ಕುಬ್ಜ' ಪುಸ್ತಕದ ಪದ. ಅದಕ್ಕೆ ಗೂನು ಬೆನ್ನಿನವರು ಅನ್ನುವ ಅರ್ಥವೂ ಇದೆ, ಹಾಗಾಗಿ ಅದೂ ಪೂರ್ತಿ ಸರಿಹೊಂದುವುದಿಲ್ಲ. ನಾನು ಇಲ್ಲಿ 'ಕುಬ್ಜತೆ ಇರುವವರು' ಅಂತ ಬರೆಯುತ್ತಿದ್ದೇನೆ. ಸಹೋದ್ಯೋಗಿಯನ್ನು ಕೇಳಿದೆ. "ನನಗೊಂದು ಹೆಸರಿದೆಯಲ್ಲ, ಅದರಲ್ಲಿ ಕರೀರಿ" ಅಂದರು.

ಯಾರು ನಗಬೇಕು, ಯಾರು ಹಣ ಮಾಡಬೇಕು

ಗುರುತಿನ ಪ್ರಶ್ನೆ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಹಳೆಯ ಈಜಿಪ್ಟಿನಲ್ಲಿ ಸೆನೆಬ್ ಅನ್ನುವ ಅಧಿಕಾರಿ ಇದ್ದ. ಅವನಿಗೆ ಕುಬ್ಜತೆ ಇತ್ತು. ಅವನ ಕುಟುಂಬದ ಕಲ್ಲಿನ ಪ್ರತಿಮೆ ಇವತ್ತಿಗೂ ಇದೆ. ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ, ಪಕ್ಕದಲ್ಲಿ ಸಾಮಾನ್ಯ ಎತ್ತರದ ಹೆಂಡತಿ ಅವನನ್ನು ಬಳಸಿ ಹಿಡಿದಿದ್ದಾಳೆ. ಬೇರೆಯವರ ಪ್ರತಿಮೆಯಲ್ಲಿ ಇಳಿಬಿಟ್ಟ ಕಾಲು ಇರುವ ಜಾಗದಲ್ಲಿ ಶಿಲ್ಪಿ ಇಬ್ಬರು ಮಕ್ಕಳನ್ನು ನಿಲ್ಲಿಸಿದ್ದಾನೆ. 4,000 ವರ್ಷಕ್ಕೂ ಹಿಂದಿನ ಕೆಲಸ. ಅದರಲ್ಲಿ 'ಆದರೂ' ಎಲ್ಲೂ ಕಾಣುವುದಿಲ್ಲ.

ಅಲ್ಲಿಂದ 19ನೇ ಶತಮಾನದ ಅಮೆರಿಕಕ್ಕೆ ಬನ್ನಿ. ಚಾರ್ಲ್ಸ್ ಸ್ಟ್ರಾಟನ್ ಅನ್ನುವ ಹುಡುಗನನ್ನು ಪ್ರದರ್ಶನಗಳ ಮಾಲೀಕ ಪಿ.ಟಿ. ಬಾರ್ನಮ್ 'ಜನರಲ್ ಟಾಮ್ ಥಂಬ್' ಅಂತ ವೇದಿಕೆ ಹತ್ತಿಸಿದ. ಹುಡುಗನಿಗೆ ಐದು ವರ್ಷವೂ ತುಂಬಿರಲಿಲ್ಲ. ಹನ್ನೊಂದು ಅಂತ ಜಾಹೀರಾತು ಕೊಟ್ಟರು, ಇನ್ನೂ ಚಿಕ್ಕದಾಗಿ ಕಾಣಲಿ ಅಂತ. 1863ರಲ್ಲಿ ಲವೀನಿಯಾ ವಾರನ್ ಜೊತೆ ಅವನ ಮದುವೆಯಾದಾಗ ಪತ್ರಿಕೆಗಳಲ್ಲಿ ಅದೇ ಸುದ್ದಿ. ಅಧ್ಯಕ್ಷ ಲಿಂಕನ್ ದಂಪತಿಯನ್ನು ಮನೆಗೆ ಕರೆಸಿಕೊಂಡರು. ಸ್ಟ್ರಾಟನ್ ಶ್ರೀಮಂತನಾದ, ಲೋಕ ಸುತ್ತಿದ. ಅವನನ್ನು ಬರೀ ಬಲಿಪಶು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇದೇ ಗೊಂದಲ ಫ್ರಾನ್ಸಿನಲ್ಲಿ ಕೋರ್ಟ್ ಮೆಟ್ಟಿಲೇರಿತು. ಮೈಗೆ ರಕ್ಷಾಕವಚ ತೊಟ್ಟ ಕುಳ್ಳ ಮನುಷ್ಯನನ್ನು ಎತ್ತಿ ಹಾಸಿಗೆಯ ಮೇಲೆ ಎಸೆಯುವ ಒಂದು ಕೆಟ್ಟ ಆಟ ಕ್ಲಬ್ಬುಗಳಲ್ಲಿ ನಡೆಯುತ್ತಿತ್ತು. 1991ರಲ್ಲಿ ಮೋರ್ಸಾಂಗ್ ಸುರ್ ಓರ್ಜ್ ಊರಿನ ಮೇಯರ್ ಅದನ್ನು ನಿಷೇಧಿಸಿದರು. ವಿರೋಧಿಸಿ ಕೋರ್ಟಿಗೆ ಹೋದವರಲ್ಲಿ ಎಸೆಸಿಕೊಳ್ಳುತ್ತಿದ್ದ ಮ್ಯಾನುಯೆಲ್ ವಾಕೆನ್‌ಹೈಮ್ ಕೂಡ ಒಬ್ಬರು. ನನ್ನ ಕೆಲಸವೇ ನನ್ನ ಮರ್ಯಾದೆ, ಅದನ್ನೇ ಕಿತ್ತುಕೊಂಡರೆ ಹೇಗೆ ಅನ್ನುವುದು ಅವರ ವಾದ. 1995ರಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. 2002ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿಯೂ ಅದನ್ನು ತಪ್ಪು ಅನ್ನಲಿಲ್ಲ. ನಾನು ನಿಷೇಧದ ಪರ. ಒಬ್ಬರನ್ನು ಎಸೆಯುವುದನ್ನು ನೋಡಿ ನಕ್ಕವರು ಬೀದಿಯಲ್ಲಿ ಇನ್ನೊಬ್ಬರನ್ನು ಎತ್ತಲು ಹಿಂಜರಿಯುವುದಿಲ್ಲ. ಆದರೆ ಕೆಲಸ ಕಿತ್ತುಕೊಂಡವರು ಅವರಿಗೆ ಬೇರೆ ಯಾವ ಬಾಗಿಲು ತೆರೆದಿಟ್ಟಿದ್ದರು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಸಿನಿಮಾದಲ್ಲೂ ಅದೇ. 2022ರಲ್ಲಿ ಕುಬ್ಜತೆ ಇರುವ ನಟ ಪೀಟರ್ ಡಿಂಕ್ಲೇಜ್, ಸ್ನೋ ವೈಟ್ ಮತ್ತು ಏಳು ಕುಳ್ಳರ ಹಳೇ ಕಥೆಯನ್ನು ಮತ್ತೆ ತೆಗೆಯುತ್ತಿರುವುದನ್ನು ಖಾರವಾಗಿ ಟೀಕಿಸಿದರು. ಕೊನೆಗೆ ತೆರೆಗೆ ಬಂದ ಚಿತ್ರದಲ್ಲಿ ಆ ಏಳು ಪಾತ್ರಗಳು ಕಂಪ್ಯೂಟರಿನಲ್ಲಿ ತಯಾರಾದವು. ಇದರಿಂದ ಸಿಟ್ಟಾದವರಲ್ಲಿ ಕುಬ್ಜತೆ ಇರುವ ನಟರೂ ಇದ್ದರು. ವರ್ಷಕ್ಕೆ ಸಿಗುವ ಒಂದೆರಡು ಅವಕಾಶವೂ ಹೋಯಿತಲ್ಲ ಅಂತ. ದೊಡ್ಡ ಹೆಸರು ಇದ್ದವರಿಗೆ ಬೇಡ ಅನ್ನುವ ಸ್ವಾತಂತ್ರ್ಯ ಇರುತ್ತದೆ, ಉಳಿದವರಿಗೆ ಬಾಡಿಗೆ ಕಟ್ಟಬೇಕಿರುತ್ತದೆ.

ಆಟದ ಮೈದಾನದಲ್ಲಿ ಮಾತ್ರ ಲೆಕ್ಕ ಬೇರೆ. ಬ್ರಿಟನ್ನಿನ ಈಜುಗಾರ್ತಿ ಎಲ್ಲಿ ಸಿಮಂಡ್ಸ್ 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದಾಗ ಅವರಿಗೆ 13 ವರ್ಷ. ಟೋಕಿಯೋದಲ್ಲಿ ಬ್ಯಾಡ್ಮಿಂಟನ್ ಮೊದಲ ಸಲ ಸೇರಿತು, ಗಿಡ್ಡ ಆಟಗಾರರ ವಿಭಾಗದಲ್ಲಿ ಭಾರತದ ಕೃಷ್ಣ ನಾಗರ್ ಚಿನ್ನ ಗೆದ್ದರು. 2024ರ ಪ್ಯಾರಿಸ್‌ನಲ್ಲಿ ನವದೀಪ್ ಸಿಂಗ್ ಜಾವೆಲಿನ್ ಎಸೆದದ್ದು 47.32 ಮೀಟರ್. ಮೊದಲು ಬೆಳ್ಳಿ, ಇರಾನಿನ ಎದುರಾಳಿ ಅನರ್ಹರಾದ ಮೇಲೆ ಚಿನ್ನ. ವಾಪಸ್ ಬಂದಮೇಲೆ ಅವರು ಪ್ರಧಾನಿಗೆ ಟೋಪಿ ತೊಡಿಸಬೇಕಿತ್ತು. ಪ್ರಧಾನಿ ನೆಲದ ಮೇಲೆ ಕೂತರು. ಆ ವಿಡಿಯೋ ಎಲ್ಲರೂ ನೋಡಿದ್ದೇವೆ. ನನಗೆ ಹಿಡಿಸಿದ್ದು ಅದರಲ್ಲಿರುವ ಸರಳ ಲೆಕ್ಕ. ಎತ್ತರ ಹೊಂದಿಸಿಕೊಳ್ಳುವ ಕೆಲಸ ಆವತ್ತು ಉದ್ದ ಇದ್ದವರ ಪಾಲಿಗೆ ಬಂತು. ದಿನಾ ಹಾಗಾಗಲ್ಲ, ಅಲ್ವಾ? ಲಿಫ್ಟಿನ ಮೇಲಿನ ಬಟನ್ನನ್ನು ಪೆನ್ನಿನ ತುದಿಯಿಂದ ಒತ್ತುವವರು, ಸಾರ್ವಜನಿಕ ಶೌಚಾಲಯದಲ್ಲಿ ಚಿಲಕ ಎಟುಕದೆ ಬ್ಯಾಗನ್ನು ಬಾಗಿಲಿಗೆ ಒತ್ತಿಟ್ಟು ಕೂರುವವರು ಇವರೇ.

ಹಾಗಾದರೆ ಇದು ಅಂಗವೈಕಲ್ಯವೇ? ಸಮುದಾಯದೊಳಗೇ ಇದಕ್ಕೆ ಒಂದು ಉತ್ತರವಿಲ್ಲ. ಭಾರತದ 2016ರ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಕುಬ್ಜತೆಯೂ ಒಂದು. ಆ ಹಣೆಪಟ್ಟಿ ಬೇಡ ಅನ್ನುವವರು ಇದ್ದಾರೆ. ಆದರೆ ಹಣೆಪಟ್ಟಿ ಇಲ್ಲದಿದ್ದರೆ ಚಿಲಕ ಕೆಳಗೆ ಹಾಕಿ ಅಂತ ಕೇಳಲು ಕಾನೂನಿನ ಬಲವಿಲ್ಲ. ನನ್ನ ಸಹೋದ್ಯೋಗಿಯದು ಪಕ್ಕಾ ವ್ಯವಹಾರ: "ಫಾರಂನಲ್ಲಿ ಹೌದು, ಮನಸ್ಸಲ್ಲಿ ನೋಡೋಣ."

ದಿನಕ್ಕೊಂದು ಇಂಜೆಕ್ಷನ್

ಈಗ ಆ ಔಷಧಕ್ಕೆ ಬರೋಣ. ಹೆಸರು ವೊಸೊರಿಟೈಡ್. ಸಿಕ್ಕಿಕೊಂಡ ಬ್ರೇಕನ್ನು ಇದು ಸ್ವಲ್ಪ ಸಡಿಲಿಸುತ್ತದೆ. 2021ರಲ್ಲಿ ಯುರೋಪ್ ಮತ್ತು ಅಮೆರಿಕ ಎರಡೂ ಕಡೆ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಮೊದಲು ಐದು ವರ್ಷ ದಾಟಿದ ಮಕ್ಕಳಿಗೆ ಮಾತ್ರ ಇತ್ತು, 2023ರಿಂದ ಕೂಸುಗಳಿಗೂ ಕೊಡಬಹುದು. ದಿನಕ್ಕೊಂದು ಚುಚ್ಚುಮದ್ದು. ಮೂಳೆ ಬೆಳೆಯುವುದು ನಿಲ್ಲುವವರೆಗೆ, ಅಂದರೆ ಹದಿಹರೆಯದವರೆಗೆ. ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ 121 ಮಕ್ಕಳಿದ್ದರು. ಔಷಧ ಪಡೆದವರು ಪಡೆಯದವರಿಗಿಂತ ವರ್ಷಕ್ಕೆ ಸರಾಸರಿ 1.57 ಸೆಂಟಿಮೀಟರ್ ಹೆಚ್ಚು ಬೆಳೆದರು. ಇದರ ಹಿಂದೆಯೇ ಬಾಯಲ್ಲಿ ತೆಗೆದುಕೊಳ್ಳುವ ಇನ್ನೊಂದು ಔಷಧವೂ ಪ್ರಯೋಗಕ್ಕೆ ಬಂತು.

ಸಮುದಾಯ ಎರಡಾಯಿತು. ಒಂದು ಕಡೆಯವರು ಹೇಳುತ್ತಾರೆ: ನಮ್ಮಲ್ಲಿ ಏನು ಕೆಟ್ಟಿದೆ ಅಂತ ರಿಪೇರಿ? ಇನ್ನೊಂದು ಕಡೆಯವರು ಹೇಳುತ್ತಾರೆ: ತೋಳು ನಾಲ್ಕು ಬೆರಳು ಉದ್ದವಾದರೆ ಶೌಚದ ನಂತರ ಮಗು ತಾನೇ ತೊಳೆದುಕೊಳ್ಳುತ್ತದೆ, ಅದು ನಿಮಗೆ ಚಿಕ್ಕ ವಿಷಯವಾ? ಎರಡೂ ಮಾತು ನಿಜ. ಕಿವಿ ಕೇಳದವರ ಸಮುದಾಯದಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ, ಬಂದಾಗಲೂ ಹೀಗೇ ಆಗಿತ್ತು.

ಇಲ್ಲಿ ಒಂದು ಹಳೇ ಉದಾಹರಣೆ ಇದೆ, ಅದನ್ನು ಯಾರೂ ಜಾಸ್ತಿ ನೆನೆಯುವುದಿಲ್ಲ. ಬೆಳವಣಿಗೆಯ ಹಾರ್ಮೋನ್ ಕಡಿಮೆ ಇದ್ದು, ಅಂಗಾಂಗಗಳೆಲ್ಲ ಅಳತೆಗೆ ತಕ್ಕಂತೆ ಇದ್ದೇ ಗಿಡ್ಡವಾಗಿ ಉಳಿಯುವವರು ಒಂದು ಕಾಲಕ್ಕೆ ಪ್ರದರ್ಶನಗಳಲ್ಲಿ ತುಂಬ ಇದ್ದರು. 1950ರ ದಶಕದ ಕೊನೆಯಲ್ಲಿ ಶವಗಳಿಂದ ತೆಗೆದ ಹಾರ್ಮೋನ್ ಕೊಡಲು ಶುರುಮಾಡಿದರು. ಅದರಿಂದ ಕೆಲವರಿಗೆ ಮಾರಕ ಮಿದುಳಿನ ರೋಗ ಬಂತು. 1985ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಹಾರ್ಮೋನ್ ಬಂತು. ಚಿಕಿತ್ಸೆ ಸಿಗುವ ದೇಶಗಳಲ್ಲಿ ಅಂಥ ಮೈಕಟ್ಟಿನ ದೊಡ್ಡವರು ಈಗ ಅಪರೂಪ. ಒಂದು ಗುಂಪಿಗೆ ಗುಂಪೇ ಸದ್ದಿಲ್ಲದೆ ಕರಗಿತು. ಅದನ್ನು ನಷ್ಟ ಅನ್ನಬೇಕಾ? ಆ ಮಕ್ಕಳನ್ನು ಕೇಳಿದರೆ ಇಲ್ಲ ಅಂತಾರೆ. ಆದರೆ ಸಂಘದಲ್ಲಿ ಕೂತವರಿಗೆ ಪಕ್ಕದ ಕುರ್ಚಿಗಳು ಖಾಲಿಯಾಗುತ್ತಾ ಬಂದದ್ದೂ ನಿಜ.

ಇನ್ನೊಂದು ಕಡೆ ಗಮನ ಕೊಡಿ. ಆ ಪ್ರಯೋಗದಲ್ಲಿ ಮುಖ್ಯವಾಗಿ ಅಳೆದದ್ದು ಬೆಳೆಯುವ ವೇಗವನ್ನು. ಅಕಾಂಡ್ರೋಪ್ಲೇಸಿಯಾದಲ್ಲಿ ಜೀವಕ್ಕೆ ತೊಂದರೆ ಕೊಡುವುದು ಎತ್ತರವಲ್ಲ. ಕೂಸಾಗಿದ್ದಾಗ ತಲೆಬುರುಡೆಯ ತಳದ ರಂಧ್ರ ಕಿರಿದಾಗಿ ಮಿದುಳಿನ ಬುಡ ಒತ್ತಿಕೊಳ್ಳಬಹುದು, ನಿದ್ದೆಯಲ್ಲಿ ಉಸಿರು ನಿಲ್ಲಬಹುದು. ಕಿವಿ ಮತ್ತೆ ಮತ್ತೆ ಸೋರುತ್ತದೆ. ಕುತ್ತಿಗೆ, ಬೆನ್ನು ಗಟ್ಟಿಯಾಗುವ ಮೊದಲೇ ಮಗುವನ್ನು ಒರಗಿಸಿ ಕೂರಿಸಿದರೆ ಬೆನ್ನು ಬಾಗುತ್ತದೆ. ದೊಡ್ಡವರಾದ ಮೇಲೆ ಬೆನ್ನುಹುರಿಯ ದಾರಿ ಇಕ್ಕಟ್ಟಾಗಿ ಕಾಲು ಮರಗಟ್ಟುತ್ತದೆ. ಇವೆಲ್ಲ ಎತ್ತರದ ಗಲಾಟೆಯಲ್ಲಿ ಹಿಂದೆ ಬೀಳುತ್ತವೆ. ಇಲಿಝರೋವ್ ಅನ್ನುವ ಸೋವಿಯತ್ ವೈದ್ಯರು ಕಂಡುಹಿಡಿದ ವಿಧಾನದಲ್ಲಿ ಮೂಳೆ ಕತ್ತರಿಸಿ, ಹೊರಗೆ ಚೌಕಟ್ಟು ಹಾಕಿ, ದಿನಕ್ಕೆ ಒಂದು ಮಿಲಿಮೀಟರ್‌ನಂತೆ ಕಾಲು ಉದ್ದ ಮಾಡುವುದು ಮೊದಲಿಂದಲೂ ಇದೆ. ತಿಂಗಳುಗಟ್ಟಲೆ ನೋವು. ಅದನ್ನು ಸಾಮಾನ್ಯವಾಗಿ ಸ್ವಲ್ಪ ಬುದ್ಧಿ ಬಲಿತ ಮಕ್ಕಳಿಗೆ ಮಾಡುತ್ತಿದ್ದರು, ಬೇಕಾ ಬೇಡವಾ ಅಂತ ಕೇಳಬಹುದಿತ್ತು. ಈ ಇಂಜೆಕ್ಷನ್ನಿನಲ್ಲಿ ಬೇಗ ಶುರು ಮಾಡಿದಷ್ಟೂ ಬೆಳೆಯಲು ಸಮಯ ಹೆಚ್ಚು. ಹಾಗಾಗಿ ನಿರ್ಧಾರ ಪೂರ್ತಿ ಅಪ್ಪ ಅಮ್ಮಂದಿರದು.

ಮತ್ತೆ ಅದೇ 80 ಶೇಕಡಾ. ತೀರ್ಮಾನ ಮಾಡುವವರು ಕುಬ್ಜತೆ ಇರುವ ಒಬ್ಬರ ಜೊತೆಗೂ ಕೂತು ಮಾತಾಡಿರುವುದಿಲ್ಲ. ಇಂಜೆಕ್ಷನ್ ಕೊಡಿಸುವ ಪೋಷಕರನ್ನು ನಾನು ತಪ್ಪು ಅನ್ನಲಾರೆ, ಬೇಡ ಅನ್ನುವವರನ್ನೂ ಅನ್ನಲಾರೆ. ನನಗೆ ತಪ್ಪು ಅನ್ನಿಸುವುದು ಕ್ರಮ. ಮೊದಲು ವರದಿ, ಆಮೇಲೆ ಗೂಗಲ್, ಆಮೇಲೆ ಔಷಧದ ಚೀಟಿ. ಈ ದೇಹದಲ್ಲಿ ಮೂವತ್ತು ನಲವತ್ತು ವರ್ಷ ಬದುಕಿದವರು ಆ ಸಾಲಿನಲ್ಲಿ ಎಲ್ಲೂ ಇಲ್ಲ.

ಕಳೆದ ತಿಂಗಳು ಅಂಥ ಒಂದು ಭೇಟಿಯಲ್ಲಿ ನಾನೂ ಇದ್ದೆ. ಪರಿಚಯದವರೊಬ್ಬರ ಮೂಲಕ ಒಂದು ಗಂಡ ಹೆಂಡತಿ ಸಹೋದ್ಯೋಗಿಯನ್ನು ನೋಡಲು ಆಫೀಸಿಗೇ ಬಂದರು. ಮೂರು ತಿಂಗಳ ಹೆಣ್ಣು ಮಗು. ಅಪ್ಪ ಮೊಬೈಲ್ ತೆಗೆದು ಬರೆದಿಟ್ಟುಕೊಂಡ ಪ್ರಶ್ನೆಗಳನ್ನು ಓದಿದ. ಎಲ್ಲ ಎತ್ತರದ ಬಗ್ಗೆ. ಎಷ್ಟು ಬೆಳೀತಾಳೆ, ಇಂಜೆಕ್ಷನ್ ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು. "ಮೇಡಂ, ನೀವಾಗಿದ್ರೆ ಏನು ಮಾಡ್ತಿದ್ರಿ?"

ಇವರು ಅದಕ್ಕೆ ಉತ್ತರ ಕೊಡಲಿಲ್ಲ. "ರಾತ್ರಿ ಉಸಿರಾಟ ಸರಿ ಇದೆಯಾ? ಗೊರಕೆ ಬರತ್ತಾ? ನಿದ್ದೆಯಲ್ಲಿ ಉಸಿರು ಹೇಗಿದೆ ಅಂತ ಪರೀಕ್ಷೆ ಮಾಡಿಸಿದ್ರಾ?" ಅಂದರು. ಮಾಡಿಸಿರಲಿಲ್ಲ. ಯಾರೂ ಹೇಳಿರಲಿಲ್ಲವಂತೆ. "ಮೊದಲು ಅದು. ಆಮೇಲೆ ದಿಂಬು ಒರಗಿಸಿ ಕೂರಿಸಬೇಡಿ, ಅವಳಾಗೇ ಕೂರೋವರೆಗೂ. ಇಂಜೆಕ್ಷನ್ ವಿಷಯ ಡಾಕ್ಟರ್ ಹತ್ತಿರ ಮಾತಾಡಿ, ಏನು ನಿರ್ಧಾರ ಮಾಡಿದ್ರೂ ನನಗೆ ಫೋನ್ ಮಾಡಿ."

ಅಪ್ಪ ಬರೆದುಕೊಳ್ಳುತ್ತಿದ್ದ. ಅಮ್ಮ ಅಷ್ಟು ಹೊತ್ತೂ ಸುಮ್ನೆ ಕೂತಿದ್ದಳು. ಮಗು ಅವಳ ತೊಡೆಯ ಮೇಲೆ ಮಲಗಿತ್ತು. ಅವಳ ಕಣ್ಣು ಮೇಜಿನ ಕೆಳಗೆ ಹೋಗಿತ್ತು.

"ಅಕ್ಕಾ, ಈ ಸ್ಟೂಲ್ ಎಲ್ಲಿ ಮಾಡಿಸಿದ್ರಿ?"

"ಅದಾ? ಬಡಗಿಗೆ ಹೇಳಿದ್ರೆ ಮಾಡ್ತಾನೆ. ಬುಡ ಅಗಲ ಇರಬೇಕು, ಇಲ್ಲಾಂದ್ರೆ ಹತ್ತಿ ನಿಂತಾಗ ಮಗುಚತ್ತೆ. ಮೇಲೆ ಒಂದು ರಬ್ಬರ್ ಹಾಳೆ ಅಂಟಿಸಿ, ಕಾಲು ಜಾರಲ್ಲ." ಇವರು ಕುರ್ಚಿಯಿಂದ ಇಳಿದು, ಸ್ಟೂಲನ್ನು ಹೊರಗೆಳೆದು, ತಲೆಕೆಳಗು ಮಾಡಿ ತೋರಿಸಿದರು. "ಇವಳಿಗೆ ಒಂದು ಸಾಲಲ್ಲ. ಕೈ ತೊಳೆಯೋ ಕಡೆ ಒಂದು, ಹಾಸಿಗೆ ಪಕ್ಕ ಒಂದು. ಶಾಲೆಗೆ ಸೇರಿಸುವಾಗ ಅಲ್ಲಿಗೂ ಒಂದು ಕೊಟ್ಟುಬಿಡಿ. ಅಳತೆ ನಾನು ಕಳಿಸ್ತೀನಿ."